ಮೊಣಕಾಲು ನೋಡಿ ಶಾಲೆ ಆರಿಸಿದವಳು

ನನ್ನ ಪುಸ್ತಕದಂಗಡಿಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಅವಳ ಹೊಲಿಗೆ ಅಂಗಡಿ. ನಡುವೆ ಒಂದು ಬಸ್ಸೂ ಒಂದು ಸೈಕಲ್ಲೂ ಒಟ್ಟಿಗೆ ಹೋಗುವಷ್ಟು ಜಾಗ. ನಾವಿಬ್ಬರೂ ಅರ್ಧ ಆಯುಷ್ಯವನ್ನು ಆ ಜಾಗದ ಮೇಲಿಂದಲೇ ಮಾತಾಡಿ ಕಳೆದವರು. ಬಸ್ಸು ಬಂದರೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಕಡೆಯಿಂದ ಹಿಡಿಯುತ್ತಿದ್ದೆವು. ಕಳೆದ ತಿಂಗಳು ಅವಳು ಎದೆನೋವೆಂದು ಆಸ್ಪತ್ರೆಗೆ ಹೋದಳು, ಮರಳಿ ಬರಲಿಲ್ಲ. ಈಗಲೂ ಬಸ್ಸು ದಾಟಿದ ಕೂಡಲೇ ನಾನು ತಲೆ ಎತ್ತುತ್ತೇನೆ.

ಎಲ್ಲರೂ ಅವಳನ್ನು ಎದುರಿಗೆ ಕತ್ತರಿಯಮ್ಮ ಎಂದೂ ಬೆನ್ನ ಹಿಂದೆ ಕತ್ತರಿ ಎಂದೂ ಕರೆಯುತ್ತಿದ್ದರು. ಆ ಹೆಸರು ಕೈಯಲ್ಲಿದ್ದ ಕತ್ತರಿಯಿಂದ ಬಂತೋ ಬಾಯಲ್ಲಿದ್ದ ಕತ್ತರಿಯಿಂದಲೋ ಎಂದು ಯಾರೋ ಕೇಳಿದ್ದಕ್ಕೆ "ಎರಡಕ್ಕೂ ಒಂದೇ ಕಡೆ ಸಾಣೆ ಹಿಡಿಸ್ತೀನಿ" ಅಂದಿದ್ದಳು. ನನ್ನನ್ನು ಅವಳು "ಏ ಪುಸ್ತಕ" ಎಂದೇ ಕೂಗುತ್ತಿದ್ದದ್ದು. ಆ ಕೂಗಿಗೆ ಓಗೊಡುವ ಅಭ್ಯಾಸ ಇನ್ನು ಬಿಡಬೇಕು.

ಅವಳು ಹೊಲಿಯುತ್ತಿದ್ದದ್ದು ಶಾಲೆಯ ಸಮವಸ್ತ್ರ ಮಾತ್ರ. ಮದುವೆಯ ರವಿಕೆ, ಸೂಟು, ಪರದೆ ಏನು ತಂದರೂ "ಪಕ್ಕದ ಬೀದಿಗೆ ಹೋಗಿ" ಎಂದು ಕಳಿಸುತ್ತಿದ್ದಳು. ಅದಕ್ಕೊಂದು ಕಾರಣವಿತ್ತು. ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ಅವಳ ಅಮ್ಮ ಗೋದಾಮಿನ ಚೀಲ ಹೊಲಿಯುವ ಸೂಜಿಯಲ್ಲೇ ಮಗಳಿಗೊಂದು ಲಂಗ ಹೊಲಿದು ಕೊಟ್ಟಿದ್ದಳಂತೆ. ಬಣ್ಣ ಹೊಂದುವುದಿಲ್ಲವೆಂದು ಶಾಲೆಯವರು ಮನೆಗೆ ಕಳಿಸಿದರು. ಬಣ್ಣ ಸರಿಯಾದ ಬಟ್ಟೆ ಸಿಗುವಷ್ಟರಲ್ಲಿ ಓದಿನ ಕಾಲವೇ ಮುಗಿದಿತ್ತು. ಇದನ್ನು ಅವಳು ಕಣ್ಣೀರು ಹಾಕಿಕೊಂಡು ಹೇಳಿದ್ದು ನಾನು ನೋಡಿಲ್ಲ. "ನನ್ನ ಕೈ ದಾಟಿದ ಯಾವ ಮಗೂನೂ ಬಟ್ಟೆ ಸರಿಯಿಲ್ಲ ಅಂತ ವಾಪಸ್ ಬರಬಾರದು, ಅಷ್ಟೇ" ಅನ್ನುತ್ತಿದ್ದಳು. ಅದಕ್ಕೇ ಅವಳು ಹೊಲಿದ ಪ್ಯಾಂಟಿನ ಕೆಳಗೆ ಎರಡು ಬೆರಳಗಲ ಹೆಚ್ಚಿನ ಮಡಿಕೆ. ಮಗು ಎತ್ತರವಾದಂತೆ ಆ ಮಡಿಕೆಯನ್ನು ಬಿಚ್ಚಿ ಇಳಿಸಿ, ಪುಕ್ಕಟೆಯಾಗಿ ಇಸ್ತ್ರಿ ಮಾಡಿ ಕೊಡುತ್ತಿದ್ದಳು.

ಶಾಲೆಗಳ ನಿಜವಾದ ಹೆಸರು ನಮ್ಮ ರಸ್ತೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಬಟ್ಟೆಯ ಬಣ್ಣವೇ ಹೆಸರು. ದೊಡ್ಡ ಗೇಟಿನ, ಮೂರು ಮಹಡಿಯ ಖಾಸಗಿ ಶಾಲೆ ನೀಲಿ ಶಾಲೆ. ಹಳೆಯ ಮುದ್ರಣಾಲಯದ ಕಟ್ಟಡದಲ್ಲಿ ಮಣ್ಣಿನ ಅಂಗಳವಿದ್ದ ಸಣ್ಣ ಖಾಸಗಿ ಶಾಲೆ ಕಂದು ಶಾಲೆ. ಇವೆರಡಕ್ಕೂ ಬಟ್ಟೆ ಅವಳದೇ, ಪಠ್ಯಪುಸ್ತಕ ನನ್ನದು. ಹಾಗಾಗಿ ಮಕ್ಕಳಿಗೆ ಶಾಲೆ ಹುಡುಕುವ ಅಪ್ಪ ಅಮ್ಮಂದಿರೆಲ್ಲ ನಮ್ಮಿಬ್ಬರ ನಡುವಿನ ರಸ್ತೆಯನ್ನು ದಾಟಿಯೇ ಹೋಗಬೇಕಿತ್ತು.

ಸರ್ಕಾರ ವೋಚರು ಕೊಡಲು ಶುರುಮಾಡಿದ ವರ್ಷ ಆ ದಾಟುವಿಕೆ ಜಾತ್ರೆಯಂತಾಯಿತು. ವೋಚರೆಂದರೆ ಮಗುವಿನ ಹೆಸರಿನ ಒಂದು ಕಾರ್ಡು. ಅದನ್ನು ಯಾವ ಶಾಲೆಗೆ ಕೊಟ್ಟರೆ ಆ ಶಾಲೆಗೆ ಸರ್ಕಾರವೇ ಶುಲ್ಕ ಕಟ್ಟುತ್ತದೆ. ಕೊಟ್ಟ ಮೇಲೆ ಮನಸ್ಸು ಬದಲಾದರೆ ಮೊದಲ ಪರೀಕ್ಷೆಗೆ ಮುಂಚೆ ಒಂದೇ ಸಲ ಬೇರೆ ಶಾಲೆಗೆ ಬದಲಾಯಿಸಬಹುದು. ಅದುವರೆಗೆ ಶಾಲೆಯೇ ಮಗುವನ್ನು ಆರಿಸುತ್ತಿತ್ತು. ಆ ವರ್ಷ ತರಕಾರಿ ಮಾರುವವರು, ಬಸ್ಸಿನ ಕಂಡಕ್ಟರು, ಮನೆಕೆಲಸದವರು ಎಲ್ಲರೂ ಕೈಯಲ್ಲಿ ಕಾರ್ಡು ಹಿಡಿದು ಶಾಲೆಯನ್ನು ಮೇಲಿಂದ ಕೆಳಗೆ ನೋಡತೊಡಗಿದರು. ಆ ನೋಟ ನನಗೆ ಬಹಳ ಇಷ್ಟವಾಗಿತ್ತು.

ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ನೆನೆದು ಓದಿದವರು ನಗುತ್ತಾರೆ. ವ್ಯಾನು ಮನೆ ಬಾಗಿಲಿಗೆ ಬರುತ್ತದಾ? ಗೇಟಿನಲ್ಲಿ ಕಾವಲಿನವರು ಇದ್ದಾರಾ? ಅಲ್ಲಿಗೆ ಎಂಥ ಮನೆಯ ಮಕ್ಕಳು ಬರುತ್ತಾರೆ? ಪಾಠ ಹೇಗೆ ಎಂದು ಕೇಳಿದವರು ಕಡಿಮೆ. ನಾನು ನಗುವುದಿಲ್ಲ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೇನು ನಡೆಯುತ್ತದೆಂದು ಯಾವ ತಾಯಿಗೂ ಕಾಣುವುದಿಲ್ಲ. ಕಾಣದ್ದನ್ನು ಊಹಿಸಲು ಕಂಡದ್ದನ್ನೇ ಹಿಡಿದುಕೊಳ್ಳಬೇಕು. ಒಬ್ಬರಿಗೆ ಕಾಣುವುದು ಗೇಟು, ಇನ್ನೊಬ್ಬರಿಗೆ ಶೂ. ಕತ್ತರಿಗೆ ಕಾಣುತ್ತಿದ್ದದ್ದು ಮೊಣಕಾಲು.

ಆ ವರ್ಷ ಅವಳ ಮೊಮ್ಮಗಳಿಗೂ ಕಾರ್ಡು ಬಂತು. ತೆಳ್ಳಗೆ, ಚುರುಕಾಗಿ, ಸಿಕ್ಕಿದ್ದಕ್ಕೆಲ್ಲ ಚುಚ್ಚುವ ಆ ಮಗುವಿಗೆ ಅಜ್ಜಿ ಇಟ್ಟ ಹೆಸರು ಸೂಜಿ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯವರೆಗೆ ಮಾತ್ರ ಇದ್ದದ್ದರಿಂದ ಮೂರಕ್ಕೆ ಬೇರೆ ಕಡೆ ಸೇರಿಸಲೇಬೇಕಿತ್ತು. ಪ್ರಶ್ನೆ ಕೇಳುವುದೇ ಸೂಜಿಯ ಉದ್ಯೋಗ. ನನ್ನ ಅಂಗಡಿಗೆ ಬಂದರೆ "ಈ ಪುಸ್ತಕ ಬರೆದವರಿಗೆ ಇದೆಲ್ಲ ಯಾರು ಹೇಳಿದ್ರು?" ಎಂದು ಶುರುಮಾಡುವಳು. ನಾನು ಒಬ್ಬರ ಹೆಸರು ಹೇಳಿದರೆ "ಅವರಿಗೆ ಯಾರು ಹೇಳಿದ್ರು?" ಈ ಬಾಯನ್ನು ಮುಚ್ಚಿಸದ ಶಾಲೆಯೊಂದು ಸಿಗಬೇಕೆಂಬುದು ಮನೆಯವರೆಲ್ಲರ ಆಸೆ. ಯಾವುದು ಅಂಥ ಶಾಲೆ ಎಂಬಲ್ಲಿ ಮಾತ್ರ ಅತ್ತೆ ಸೊಸೆಗೆ ಜಗಳ.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು; ಮಾತು ಕಡಿಮೆ, ಆದರೆ ಆಡಿದ್ದನ್ನು ಬಿಟ್ಟುಕೊಡುವವಳಲ್ಲ. ಒಂದು ದಿನ ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ನಾವು ಮೂವರೂ ಚಹಾ ಕುಡಿಯುತ್ತಿದ್ದಾಗ ಅವಳು ಹೇಳಿದಳು.

"ಅತ್ತೆ, ನಂಗೆ ಕಂದು ಶಾಲೆ ಹಿಡಿಸ್ತು. ವಿಚಾರಿಸೋಕೆ ಹೋಗಿದ್ದೆ. ಅಲ್ಲಿಯ ದೊಡ್ಡ ಟೀಚರ್ ನನ್ನ ಹತ್ರ ಮಾತಾಡಲೇ ಇಲ್ಲ, ಇವಳ ಹತ್ರ ಮಾತಾಡಿದ್ರು. ಇವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ರು."

"ಒಂದಿನ ಯಾರು ಬೇಕಾದ್ರೂ ಕೊಡ್ತಾರೆ. ಇವಳ ಜೊತೆ ಒಂದು ವಾರ ಇರಲಿ, ಆಮೇಲೆ ಹೇಳು," ಅಂದಳು ಕತ್ತರಿ. "ಮಕ್ಕಳು ಆಡಿ ಬೆಳೀಬೇಕು ಕಣೇ. ಕಂದು ಶಾಲೆ ಪ್ಯಾಂಟು ಹೊಲಿಯೋಳು ನಾನು. ಒಮ್ಮೆ ಹೋದದ್ದು ರಿಪೇರಿಗೆ ಅಂತ ವಾಪಸ್ ಬಂದಿದ್ದೇ ಇಲ್ಲ. ಏನರ್ಥ? ಅಲ್ಲಿ ಮಕ್ಕಳು ಗೊಂಬೆ ಥರ ಕೂತಿರ್ತಾರೆ. ನೀಲಿ ಶಾಲೆ ನೋಡು, ರಾಶಿ ರಾಶಿ ಬರ್ತವೆ, ಎಲ್ಲಾ ಮೊಣಕಾಲು ಹರಿದವು. ಓಡ್ತಾರೆ, ಬೀಳ್ತಾರೆ, ಏಳ್ತಾರೆ. ಇವಳಿಗೆ ಬೇಕಾಗಿರೋದು ಅದು."

"ಶಾಲೆ ಆರಿಸೋದಾ, ಪ್ಯಾಂಟು ಆರಿಸೋದಾ?" ಅಂದಳು ಸೊಸೆ.

"ಪ್ಯಾಂಟು ಸುಳ್ಳು ಹೇಳಲ್ಲ. ಟೀಚರ್ ಹೇಳಬಹುದು."

ಲಾರಿ ಓಡಿಸುವ ಮಗ ಎಲ್ಲೋ ಹೆದ್ದಾರಿಯಲ್ಲಿದ್ದ. ಫೋನಿನಲ್ಲಿ ಕೇಳಿದರೆ "ನೀವಿಬ್ಬರೂ ಸೇರಿ ಏನು ಹೇಳ್ತೀರೋ ಅದೇ" ಎಂದು ಗೇರು ಬದಲಿಸಿದ. ಇಬ್ಬರೂ ಸೇರಿ ಒಂದನ್ನೇ ಹೇಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಕೊನೆಗೆ ಗೆದ್ದದ್ದು ಕತ್ತರಿಯ ಗಂಟಲು. ಕಾರ್ಡು ನೀಲಿ ಶಾಲೆಗೆ ಹೋಯಿತು.

ಈಗ ಅವಳ ಕೆಲಸದ ರೀತಿಯನ್ನು ಹೇಳಬೇಕು, ಏಕೆಂದರೆ ಎಡವಟ್ಟಾದದ್ದು ಅಲ್ಲೇ. ರಿಪೇರಿಗೆ ಬಂದ ಪ್ಯಾಂಟುಗಳನ್ನು ಅವಳು ಒಂದೊಂದಾಗಿ ಮುಗಿಸುತ್ತಿರಲಿಲ್ಲ. ಇಡೀ ರಾಶಿಯ ಎಡಗಾಲುಗಳ ಒಳಹೊಲಿಗೆಯನ್ನು ಮೊದಲು ಬಿಚ್ಚಿ, ಒಳಗಿಂದ ತೇಪೆ ಕೊಟ್ಟು, ಮುಚ್ಚಿ, ರಾಶಿ ತಿರುವಿ ಹಾಕಿ, ಆಮೇಲೆ ಬಲಗಾಲುಗಳಿಗೆ ಕೈಹಾಕುತ್ತಿದ್ದಳು. ಹಾಗೆ ಮಾಡಿದರೆ ಯಂತ್ರದ ಮೇಲೆ ಬಟ್ಟೆ ತಿರುಗಿಸುವ ಕೆಲಸ ಅರ್ಧ ಉಳಿಯುತ್ತದೆ. ಹೊಲಿಗೆಯವರಿಗೆ ಇದು ಜಾಣತನ. ಆದರೆ ಒಂದೇ ಮಗುವಿನ ಎರಡು ಮೊಣಕಾಲು ಅವಳ ಕಣ್ಣೆದುರು ಒಟ್ಟಿಗೆ ಬರುತ್ತಲೇ ಇರಲಿಲ್ಲ. ಪ್ಯಾಂಟುಗಳೂ ಮನೆಗಳಲ್ಲಿ ಒಗೆದು ಮಡಿಚಿ ಬಂದವು, ಧೂಳೂ ಇಲ್ಲ.

ಶಾಲೆ ಶುರುವಾಗಿ ಕೆಲವು ವಾರವಾಗಿತ್ತು. ಸಂಜೆ ಸೂಜಿ ಶಾಲೆಯಿಂದ ನೇರ ಅಂಗಡಿಗೆ ಬರುತ್ತಿದ್ದಳು. ಅಂದು ಮಡಿಕೆ ಇಳಿಸಬೇಕೇ ಎಂದು ನೋಡಲು ಅಜ್ಜಿ ಅವಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದಳು. ಹೊಸ ಪಠ್ಯಪುಸ್ತಕ ಕೊಡಲು ಹೋಗಿದ್ದ ನಾನು ಪಕ್ಕದಲ್ಲೇ ಇದ್ದೆ. ಕತ್ತರಿ ಟೇಪು ಹಿಡಿದು ಬಗ್ಗಿದವಳು ಏಳಲಿಲ್ಲ. ಅವಳ ಮುಖದ ನೇರಕ್ಕೆ ಎರಡು ಮೊಣಕಾಲು. ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಗಾತ್ರದ, ಸಿಮೆಂಟು ಬಣ್ಣದ ಎರಡು ಬಿಲ್ಲೆ. ಅವಳೇ ಆರಿಸಿ ತಂದ ಗಟ್ಟಿ ಬಟ್ಟೆ ಅಲ್ಲಿ ಆಗಲೇ ತೆಳುವಾಗಿ ಹೊಳೆಯುತ್ತಿತ್ತು.

"ಬಿದ್ಯಾ ಸೂಜಿ?"

"ಇಲ್ಲ."

"ಮತ್ತೆ ಇದೇನು?"

"ಮೊಣಕಾಲೂರಿ ಕೂತಿದ್ವಿ. ಒಬ್ಬರು ತಪ್ಪು ಹೇಳಿದ್ರೆ ಆ ಸಾಲು ಪೂರ್ತಿ ಕೂರಬೇಕು ಅಜ್ಜಿ. ಎಲ್ಲರೂ ಕೂರ್ತಾರೆ." ದೂರಿನ ದನಿಯೇ ಇರಲಿಲ್ಲ. ಮಳೆ ಬಂತು ಅಂದಂತೆ ಅಂದಳು.

"ನೀನೂ ತಪ್ಪು ಹೇಳಿದ್ಯಾ?"

"ನಾನು ಏನೂ ಹೇಳೋದೇ ಇಲ್ಲ ಈಗ. ಹೇಳದೇ ಇದ್ರೆ ತಪ್ಪಾಗಲ್ಲ."

ಕತ್ತರಿ ಮಗುವನ್ನು ಇಳಿಸಿದಳು. ಮೂಲೆಯಲ್ಲಿ ರಿಪೇರಿಗೆಂದು ಬಿದ್ದಿದ್ದ ನೀಲಿ ಪ್ಯಾಂಟುಗಳನ್ನು ಎಳೆದು, ಒಂದೊಂದರ ಎರಡು ಕಾಲನ್ನೂ ಪಕ್ಕ ಪಕ್ಕ ಚಾಚಿ ಮೇಜಿನ ಮೇಲೆ ಹರಡುತ್ತ ಹೋದಳು. ಎಲ್ಲದರಲ್ಲೂ ಜೋಡಿ ಬಿಲ್ಲೆ. ಆಡಿ ಬಿದ್ದರೆ ಒಂದು ಮೊಣಕಾಲು ಹರಿಯುತ್ತದೆ, ಅದೂ ಸೊಟ್ಟಗೆ. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ.

"ಏ ಪುಸ್ತಕ," ಅಂದಳು, "ಇಷ್ಟು ದಿನ ನಾನು ಇದಕ್ಕೆಲ್ಲ ತೇಪೆ ಹಾಕ್ತಾ ಇದ್ದೆನಾ?"

 

ಮರುದಿನ ಬೆಳಿಗ್ಗೆ ನೀಲಿ ಶಾಲೆಯ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಅವರು ಕೆಟ್ಟ ಮನುಷ್ಯರಲ್ಲ. ಎದ್ದು ನಿಂತು ಕುರ್ಚಿ ತೋರಿಸಿದರು.

"ನೋಡಿ ಅಮ್ಮ, ಶಿಸ್ತು ಬೇಕು ಅಂತ ಕೇಳೋರೇ ತಂದೆತಾಯಿ. ಶಿಸ್ತಿದೆ ಅಂತಾನೇ ನಮ್ಮಲ್ಲಿಗೆ ಬರ್ತಾರೆ. ಒಬ್ಬರೂ ದೂರು ಕೊಟ್ಟಿಲ್ಲ."

"ಅವರಿಗೆ ಗೊತ್ತಾ?"

"ಕೆಲವರಿಗೆ ಗೊತ್ತು. ಮಿಕ್ಕವರು ಕೇಳಿಲ್ಲ." ದನಿ ತಗ್ಗಿಸಿದರು. "ನೀವು ಎಷ್ಟೋ ವರ್ಷದಿಂದ ನಮ್ಮ ಬಟ್ಟೆ ಹೊಲೀತಿದ್ದೀರಿ. ನಿಮ್ಮ ಮೊಮ್ಮಗಳನ್ನ ಇನ್ಮೇಲೆ ಕೂರಿಸಬೇಡಿ ಅಂತ ಟೀಚರಿಗೆ ಹೇಳ್ತೀನಿ. ಆಯ್ತಲ್ಲ?"

"ಸಾಲು ಪೂರ್ತಿ ಕೂತಾಗ ಇವಳೊಬ್ಬಳು ನಿಂತಿರ್ತಾಳಾ?" ಅಂದಳು ಕತ್ತರಿ. "ಅದಕ್ಕಿಂತ ಕೂತ್ಕೊಳ್ಳೋದೇ ವಾಸಿ ಸಾರ್."

 

ಅಂದು ಸಂಜೆ ಕತ್ತರಿ, ಸೊಸೆ ಔಷಧಿ ಅಂಗಡಿಯಿಂದ ಬರುವುದನ್ನೇ ಕಾದಿದ್ದು, ಅವಳನ್ನು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಮೊಣಕಾಲಿನ ಕಥೆಯೆಲ್ಲ ತಾನೇ ಹೇಳಿದಳು. ಸೊಸೆ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿ ಮಡಿಲಲ್ಲಿ ಇಟ್ಟುಕೊಂಡಳು. 

"ಕಾರ್ಡು ಬದಲಾಯಿಸೋಕೆ ಇನ್ನೂ ಟೈಮಿದೆ," ಅಂದಳು ಕತ್ತರಿ. "ಈ ಸಲ ನೀನೇ ಆರಿಸು. ನಾನು ಬಾಯಿಗೆ ಈ ಟೇಪು ಸುತ್ಕೊಂಡು ಕೂತಿರ್ತೀನಿ."

"ಒಂದು ಟೇಪು ಸಾಲಲ್ಲ ಅತ್ತೆ," ಅಂದಳು ಸೊಸೆ.

ಮೊದಲು ನಕ್ಕವಳು ಕತ್ತರಿಯೇ.

ಕಂದು ಶಾಲೆಯನ್ನು ಈ ಸಲ ಒಳಗೆ ಹೋಗಿ ನೋಡಬೇಕೆಂದು ಸೊಸೆ ಹಟ ಹಿಡಿದಳು. ದೊಡ್ಡ ಟೀಚರ್ ಒಪ್ಪಿದರು. ತರಗತಿ ನಡೆಯುವಾಗಲೇ ಬನ್ನಿ ಎಂದರು. ಅಜ್ಜಿ, ಸೊಸೆ, ಸೂಜಿ, ನಾನು, ನಾಲ್ವರೂ ಹೋದೆವು. ಮುದ್ರಣಾಲಯದ ಹಳೆಯ ಮಸಿ ವಾಸನೆ ಗೋಡೆಗಳಿಂದ ಇನ್ನೂ ಹೋಗಿರಲಿಲ್ಲ. ಬೆಂಚುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಂಗಳದಲ್ಲಿ ಆಟದ ತರಗತಿಯ ಮಕ್ಕಳು ಕೆಸರೆಬ್ಬಿಸಿ ಚೆಂಡು ಒದೆಯುತ್ತಿದ್ದರು. ಕತ್ತರಿ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಮೊಣಕಾಲಿನಿಂದ ಮೊಣಕಾಲಿಗೆ ಹಾರುತ್ತಿತ್ತು. ಹರಿದಿದ್ದವು. ಸೊಟ್ಟಗೆ, ಉದ್ದುದ್ದ, ಒಂದೊಂದೇ ಕಾಲಿನಲ್ಲಿ. ಅವುಗಳ ಮೇಲೆ ತೇಪೆ ಕೂಡ ಇತ್ತು.

"ಯಾರು ಹಾಕಿದ್ದು ಈ ತೇಪೆ?" ಎಂದಳು. ದನಿಯಲ್ಲಿ ಕಳ್ಳನನ್ನು ಹಿಡಿದವರ ಗಡಸು.

"ಅವರವರದ್ದು ಅವರೇ," ಅಂದರು ದೊಡ್ಡ ಟೀಚರ್. "ಹರಿದುಕೊಂಡವರು ಹೊಲಿದುಕೊಂಡು ಮನೆಗೆ ಹೋಗಬೇಕು. ಸೂಜಿದಾರದ ಬುಟ್ಟಿ ಅಲ್ಲಿದೆ. ಗುಂಡಿ ಹಾಕೋದು, ತೇಪೆ ಹಚ್ಚೋದು ಮೂರನೇ ತರಗತಿಯಲ್ಲೇ ಕಲಿಸಿಬಿಡ್ತೀವಿ."

ಕಂದು ಪ್ಯಾಂಟುಗಳು ರಿಪೇರಿಗೆ ಏಕೆ ಬರುತ್ತಿರಲಿಲ್ಲವೆಂದು ಈಗ ತಿಳಿಯಿತು. ಕತ್ತರಿ ಹತ್ತಿರದ ಒಂದು ಮಗುವನ್ನು ಎಳೆದು ನಿಲ್ಲಿಸಿ ತೇಪೆಯ ಅಂಚನ್ನು ಉಗುರಿನಿಂದ ಕೆರೆದಳು.

"ಇದೇನು ಹೊಲಿಗೇನೇ? ಕಾಗೆ ಗೂಡು ಕಟ್ಟಿದೆ! ಟೀಚರ್, ಇದನ್ನ ಕಲಿಸಿದ್ದು ಯಾರು?"

"ನಾನೇ," ಅಂದರು ಅವರು.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಸೂಜಿ ನಮ್ಮ ಕೈಬಿಟ್ಟು ಬುಟ್ಟಿಯ ಹತ್ತಿರ ಹೋಗಿ ಅಲ್ಲಿದ್ದ ಮಗುವೊಂದನ್ನು ಕೇಳುತ್ತಿದ್ದಳು: "ದಾರ ತುಂಡಾದ್ರೆ ಏನು ಮಾಡ್ತೀರ? ಗಂಟು ಮೇಲೆ ಬರಬೇಕಾ ಕೆಳಗಾ? ಯಾಕೆ?" ವಾರಗಳಿಂದ ಕೇಳಿರದ ದನಿ. ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಕತ್ತಿನ ಮೇಲಿದ್ದ ಟೇಪನ್ನು ತೆಗೆದು ಬಾಯಿಗೆ ಒಂದು ಸುತ್ತು ಸುತ್ತಿಕೊಂಡಳು. ಕಾರ್ಡು ಆ ವಾರವೇ ಬದಲಾಯಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನೀಲಿ ಶಾಲೆಯ ಮುಂದಿನ ಕಂತಿನ ಬಟ್ಟೆ ಆಗಲೇ ಅವಳ ಅಂಗಡಿಯಲ್ಲಿತ್ತು. ಕತ್ತರಿ ಆ ಪ್ಯಾಂಟುಗಳನ್ನು ಎಂದಿನಂತೆ ಅಚ್ಚುಕಟ್ಟಾಗಿ ಹೊಲಿದಳು. ಒಂದೇ ವ್ಯತ್ಯಾಸ: ಪ್ರತಿಯೊಂದರ ಎರಡು ಮೊಣಕಾಲಿಗೂ ಹೊರಗಿನಿಂದ ದಪ್ಪ ಬಟ್ಟೆಯ ದುಂಡನೆಯ ಒಂದೊಂದು ಪದರ. ದೂರದಿಂದಲೇ ಕಾಣುತ್ತಿತ್ತು.

"ಇದೇನಮ್ಮ ಮೊಣಕಾಲಿಗೆ ಡಬಲ್?" ಎಂದು ಕೇಳಿದರು ಒಯ್ಯಲು ಬಂದವರು.

"ಅಲ್ಲಿ ಮಕ್ಕಳನ್ನ ಮೊಣಕಾಲ ಮೇಲೆ ಕೂರಿಸ್ತಾರಲ್ಲ, ಬಟ್ಟೆ ಬಾಳಿಕೆ ಬರಲಿ ಅಂತ. ಇದಕ್ಕೆ ಬೇರೆ ಕಾಸಿಲ್ಲ."

ಇದನ್ನು ಅವಳು ದೂರಿನಂತೆ ಹೇಳಲಿಲ್ಲ, ಅಂಗಡಿಯವರು ಬಟ್ಟೆಯ ಗುಣ ಹೇಳಿದಂತೆ ಹೇಳಿದಳು. ಕೆಲವರು ಮುಖ ಕಪ್ಪಿಟ್ಟುಕೊಂಡು ಹೋದರು. ಒಬ್ಬ ತಾಯಿ ಮಗನನ್ನು ಅಲ್ಲೇ ಪಕ್ಕಕ್ಕೆ ಕರೆದು ಪಿಸುಗುಟ್ಟಿ ಕೇಳಿದಳು, ಆಮೇಲೆ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಇನ್ನೊಬ್ಬ ತಂದೆ ಮೀಸೆ ತಿರುವಿದ.

"ನಮ್ಮ ಕಾಲದಲ್ಲಿ ನಾವೂ ಕೂತಿದ್ದೀವಿ. ಏನಾಯ್ತು ನಮಗೆ?"

"ಅದನ್ನ ನಿಮ್ಮ ಹೆಂಡತೀನ ಕೇಳಬೇಕು," ಅಂದಳು ಕತ್ತರಿ. ಹಿಂದೆ ನಿಂತಿದ್ದ ಹೆಂಡತಿ ಫಕ್ಕನೆ ನಕ್ಕಳು.

ನೀಲಿ ಶಾಲೆಯವರು ಸಮವಸ್ತ್ರದ ಕೆಲಸವನ್ನು ಪಕ್ಕದ ಬೀದಿಯವರಿಗೆ ಕೊಟ್ಟರು. ಅವಳ ಅಂಗಡಿ ಆ ವರ್ಷ ಅರ್ಧ ಖಾಲಿ. ಬೇಡವೆಂದು ತಳ್ಳುತ್ತಿದ್ದ ಪರದೆಗಳನ್ನೂ ಹೊಲಿದಳು, ಪ್ರತಿ ಪರದೆಗೂ ಬೈದುಕೊಳ್ಳುತ್ತ. ಕಾರ್ಡಿದ್ದ ಕೆಲವರು ಅದನ್ನು ಬದಲಾಯಿಸಿದರು, ಎಲ್ಲರೂ ಅಲ್ಲ. ಕೆಲವರಿಗೆ ವ್ಯಾನು ಮುಖ್ಯ, ಕೆಲವರಿಗೆ ಶಿಸ್ತೇ ಬೇಕಿತ್ತು, ಕೆಲವರು ಅಲ್ಲೇ ಉಳಿದು ಪ್ರಿನ್ಸಿಪಾಲರ ಕೋಣೆಯ ಮುಂದೆ ಸಾಲುಗಟ್ಟಿದರು. ಆ ಸಾಲಿನಲ್ಲಿ ನಿಂತವರ ಮೇಲೆ ನನಗೆ ಹೆಚ್ಚು ಗೌರವ. ಹೋಗುವ ದಾರಿ ಕೈಯಲ್ಲಿದ್ದೂ ನಿಂತು ಕೇಳುವವರ ಮಾತಿಗೆ ತೂಕವಿರುತ್ತದೆ. ಅದುವರೆಗೆ ಆ ಕೋಣೆಯ ಮುಂದೆ ಅವರು ಬಗ್ಗಿ ನಿಲ್ಲುತ್ತಿದ್ದರು.

ಮರುವರ್ಷ ಒಂದು ಮಧ್ಯಾಹ್ನ ರಸ್ತೆಯಾಚೆಯಿಂದ "ಏ ಪುಸ್ತಕ!" ಎಂಬ ಕೂಗು. ತಲೆ ಎತ್ತಿದರೆ ಕತ್ತರಿ ರಿಪೇರಿಗೆ ಬಂದ ಒಂದು ನೀಲಿ ಪ್ಯಾಂಟನ್ನು ಬಾವುಟದ ಹಾಗೆ ಬೀಸುತ್ತಿದ್ದಾಳೆ. ಬಸ್ಸು ಅಡ್ಡ ಬಂತು. ದಾಟಿದ ಮೇಲೂ ಬೀಸುತ್ತಲೇ ಇದ್ದಳು. "ಒಂದೇ ಕಾಲು! ಸೊಟ್ಟಗೆ! ನೋಡಿಲ್ಲಿ, ಹುಲ್ಲಿನ ಕಲೆ!" ರಸ್ತೆಯಲ್ಲಿ ಹೋಗುತ್ತಿದ್ದವರು ನಮ್ಮಿಬ್ಬರನ್ನೂ ಹುಚ್ಚರೆಂದುಕೊಂಡಿರಬೇಕು.

ಕಂದು ಶಾಲೆಯ ಕಾಗೆ ಗೂಡು ಅವಳ ನಿದ್ದೆ ಕೆಡಿಸಿತ್ತು. ಶನಿವಾರ ಶನಿವಾರ ಹೋಗಿ ಮಕ್ಕಳಿಗೆ ತೇಪೆ ಹಚ್ಚುವುದನ್ನು ಹೇಳಿಕೊಟ್ಟಳು, ದೊಡ್ಡ ಟೀಚರಿಗೂ. ಸೂಜಿ ಹೊಲಿದದ್ದನ್ನಂತೂ ಪ್ರತಿ ಸಲ ಬಿಚ್ಚಿಸಿ ಮತ್ತೆ ಹಾಕಿಸುವಳು. "ಯಾಕೆ ಬಿಚ್ಚಬೇಕು?" ಎಂದು ಮಗು ವಾದಕ್ಕೆ ನಿಲ್ಲುವುದು, ಅಜ್ಜಿ ಉತ್ತರ ಕೊಡುವುದು, ಆ ಉತ್ತರಕ್ಕೆ ಇನ್ನೊಂದು "ಯಾಕೆ?". ಅದು ಮುಗಿಯುವಷ್ಟರಲ್ಲಿ ನಾನು ಅಂಗಡಿ ಮುಚ್ಚುವ ಹೊತ್ತಾಗಿರುತ್ತಿತ್ತು.

ನಿನ್ನೆ ಸಂಜೆ ಎದುರಿನ ಅಂಗಡಿಯ ಬಾಗಿಲು ತೆರೆದಿತ್ತು. ದಾಟಿ ಹೋದೆ. ಸೊಸೆ ಬಾಕಿ ಉಳಿದ ಬಟ್ಟೆಗಳನ್ನು ಅವರವರಿಗೆ ಕೊಡಲೆಂದು ಬೇರೆ ಬೇರೆ ಮಾಡುತ್ತಿದ್ದಳು. ಸೂಜಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತು ತನ್ನ ಕಂದು ಪ್ಯಾಂಟಿನ ಎಡ ಮೊಣಕಾಲಿಗೆ ತೇಪೆ ಹಚ್ಚುತ್ತಿದ್ದಳು. ಬಲಗಾಲಿಗೆ ಏನೂ ಆಗಿರಲಿಲ್ಲ.

ಮುಗಿಸಿ ದಾರ ಕಡಿದು ಅಮ್ಮನಿಗೆ ತೋರಿಸಿದಳು. ಒಂದು ಮೂಲೆ ಎದ್ದಿತ್ತು. ಸೊಸೆ ನೋಡಿ, ಚೆನ್ನಾಗಿದೆ ಅಂದಳು.

"ಚೆನ್ನಾಗಿಲ್ಲ," ಅಂದಳು ಸೂಜಿ. ಅಜ್ಜಿಯ ಸಣ್ಣ ಕತ್ತರಿಯನ್ನು ತೆಗೆದುಕೊಂಡು ಆ ಮೂಲೆಯನ್ನು ಬಿಚ್ಚತೊಡಗಿದಳು. ಬಿಚ್ಚುತ್ತಲೇ ನನ್ನನ್ನು ಕೇಳಿದಳು: "ಪುಸ್ತಕಜ್ಜಿ, ಅಜ್ಜಿಗೆ ಹೊಲಿಗೆ ಯಾರು ಕಲಿಸಿದ್ರು?"

ನಾನು ಹೇಳಿದೆ, ಅವಳ ಅಮ್ಮ, ಚೀಲ ಹೊಲಿಯುತ್ತಿದ್ದವಳು.

"ಅವರಿಗೆ ಯಾರು ಕಲಿಸಿದ್ರು?"